ನಾಟಕದಲ್ಲಿ ಇಲ್ಲದಿದ್ದ ಗಿರಾಕಿ

ಪುಟ್ಟ ಮಕ್ಕಳಿಗೆ ನಾಟಕ ಆಡಿಸಿ ಪರಿಸರ ಕಲಿಸುವುದು ನನ್ನ ಕೆಲಸ. ಮರಿ ಮೀನು ಹಿಡಿದರೆ ಕಡಲು ಬರಿದಾಗುತ್ತದೆ ಎನ್ನುವ ನನ್ನ ನಾಟಕ ಮಣಿಪಾಲದಲ್ಲಿ ಗೆದ್ದಿತ್ತು, ಕಾರ್ಕಳದಲ್ಲಂತೂ ಚಪ್ಪಾಳೆಯೋ ಚಪ್ಪಾಳೆ. ಖಳನಾಯಕ ಮೀನುಗಾರ. ಆ ಎರಡೂ ಊರಿನ ಶಾಲೆಗಳಲ್ಲಿ ಯಾವ ಮಗುವಿನ ಅಪ್ಪನೂ ದೋಣಿ ಹತ್ತುವವನಲ್ಲ ಎಂಬುದು ನನ್ನ ಪ್ರತಿಭೆಗೆ ಹೊಳೆದದ್ದು ಕಾಪುವಿನ ಶಾಲೆಯಲ್ಲಿ, ಪ್ರದರ್ಶನದ ಹಿಂದಿನ ದಿನ.

ಮೈಕ್ ಕೆಟ್ಟರೆ? ರಟ್ಟಿನ ಬಂಗುಡೆ ಮೀನಿನ ಬಾಲ ಕಳಚಿದರೆ? ನನ್ನೂರು ಮಣಿಪಾಲದಿಂದ ಹೊರಟು ಕಟಪಾಡಿ ದಾಟುವಷ್ಟರಲ್ಲಿ ಬಸ್ಸಿನಲ್ಲಿ ಕುಳಿತು ಇಂಥ ಹನ್ನೊಂದು ಚಿಂತೆ ಮುಗಿಸಿದ್ದೆ. ಮೀನುಗಾರನ ಪಾತ್ರದ ಹುಡುಗಿ ಅಳಬಹುದೆಂಬ ಚಿಂತೆಗೆ ಮಾತ್ರ ಸಮಯ ಸಿಕ್ಕಿರಲಿಲ್ಲ.

ಎರಡನೇ ತರಗತಿಯವಳು. ಅಭ್ಯಾಸದ ನಡುವೆ ಬಲೆ ಕೆಳಗಿಟ್ಟಳು.

"ಸರ್, ನಾಳೆ ಅಪ್ಪ ಕಡಲಿಗೆ ಹೋಗುದಿಲ್ಲವಂತೆ, ನಾಟಕಕ್ಕೆ ಬರ್ತಾರಂತೆ. ಎಲ್ಲರೂ ನನಗೆ ಕಳ್ಳ, ಕಳ್ಳ ಅಂತ ಕೂಗ್ಲಿಕ್ಕೆ ಉಂಟಲ್ಲ?"

"ಅದು ನಾಟಕ ಅಲ್ವಾ?" ಎಂದೆ, ಮಹಾ ತಿಳಿದವನಂತೆ.

"ಅಪ್ಪ ದೋಣಿಗೆ ಹೋಗುದು ನಾಟಕ ಅಲ್ಲ," ಎಂದು ಕಣ್ಣೊರೆಸಿಕೊಂಡಳು.

ಸಮತೋಲನದ ಬಗ್ಗೆ ನಾನು ಭಾಷಣ ಬಿಗಿದೆ. ಪಾಪ, ತಾಳ್ಮೆಯಿಂದ ಕೇಳಿ, "ಆ ಮರಿ ಮೀನು ತಿನ್ನುದು ಯಾರು ಸರ್? ಆ ಪಾರ್ಟ್ ಇಲ್ವಾ?" ಎಂದಳು.

ನನ್ನ ನಾಟಕದ ಆಹಾರ ಸರಪಳಿಯಲ್ಲಿ ಪಾಚಿ ಇತ್ತು, ಸಿಗಡಿ ಇತ್ತು, ಕಡಲಹಕ್ಕಿಯೂ ಇತ್ತು. ಬಾಣಲೆ ಕಾಯಿಸಿಕೊಂಡು ಕೂತವನು ಇರಲಿಲ್ಲ.

ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಅಜ್ಜಿ ನನ್ನನ್ನು ದಿಟ್ಟಿಸಿದರು. ಮಣಿಪಾಲದ ಪೇಟೆಗೆ ಬಂದು ಮೀನು ಮಾರುವವರು.

"ಎಂತ ಮಾರಾಯ್ರೆ, ಮೊನ್ನೆ ನನ್ನ ಹತ್ರ ಬೂತಾಯಿ ತಗೊಂಡದ್ದು ನೀವೇ ಅಲ್ವಾ? ದೊಡ್ಡದು ಬೇಡ, ಸಣ್ಣದೇ ಕೊಡಿ, ಹುರಿದರೆ ಗರಿಗರಿ ಆಗ್ತದೆ ಅಂತ?"

ಮಕ್ಕಳೆಲ್ಲ ಗೊಳ್ಳೆಂದರು. ಟೀಚರ್ ಕಿಟಕಿಯ ಕಡೆ ತಿರುಗಿಕೊಂಡರು. ಹೆಗಲು ಮಾತ್ರ ಕುಣಿಯುತ್ತಿತ್ತು.

ಮರುದಿನ ನಾಟಕಕ್ಕೆ ಹೊಸ ಪಾತ್ರ ಸೇರಿತು: ಮಣಿಪಾಲದ ಗಿರಾಕಿ. ನಟ ನಾನೇ, ವೇಷದ ಖರ್ಚೂ ಇಲ್ಲ. ಚೀಲ ಚಾಚಿ, "ಸಣ್ಣದೇ ಕೊಡಿ" ಎಂದೆ. ಹುಡುಗಿ ಬಲೆ ಬಿಡಿಸಿ ಮರಿ ಮೀನಿನ ವೇಷದ ಮಕ್ಕಳನ್ನೆಲ್ಲ ಓಡಿಸಿದಳು. ನಾನು ಬರೆದುಕೊಡದ ಮಾತೊಂದನ್ನೂ ಸೇರಿಸಿದಳು:

"ಬೆಳೆದ ಮೇಲೆ ಬನ್ನಿ. ಮೀನಿಗಲ್ಲ, ನಿಮಗೆ ಹೇಳಿದ್ದು!"

ಮಕ್ಕಳು "ಕಳ್ಳ, ಕಳ್ಳ" ಎಂದು ನನ್ನತ್ತ ಕೂಗಿದರು. ಹಿಂದಿನ ಸಾಲಿನಿಂದ ಒಂದು ಗಡಸು ದನಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿತ್ತು. ಹುಡುಗಿ ಅತ್ತ ನೋಡಿ, ಪಾತ್ರ ಮರೆತು, "ಅಪ್ಪಾ" ಎಂದು ಬಲೆ ಬೀಸಿದಳು.