ಕೀಸುಳಿಯ ಹೊಂಡಕ್ಕೆ ಪುಟ್ಟಿ

ಆ ಗುಜರಿಯವನು ಪುಟ್ಟಿ ತುಂಬಿದ್ದಾನೆ ಸ್ನೇಹಿತರೇ, ಮರದ ಬಿರುಕು ಮುಚ್ಚುವ ಪುಟ್ಟಿ! ಹೊನ್ನಾವರ ಸಂತೆಯಿಂದ ಈಗಷ್ಟೇ ಬಂದೆ, ಮೈಯೆಲ್ಲ ಉರಿಯುತ್ತಿದೆ.

ಹಳೇ ಹತಾರ ಹುಡುಕುವುದರಲ್ಲಿ ಭಟ್ಕಳದಿಂದ ಕುಮಟೆಯವರೆಗೆ ನನ್ನನ್ನು ಮೀರಿಸುವವರಿಲ್ಲ, ನಿಮಗೇ ಗೊತ್ತು. ಕಳೆದ ವಾರ ಅವನ ಗುಜರಿ ರಾಶಿಯಲ್ಲಿ, ಹಲಗೆ ಹೆರೆದು ನುಣುಪು ಮಾಡುವ ಮರದ ಕೀಸುಳಿಯೊಂದು ಸಿಕ್ಕಿತ್ತು. ಯಾವನೋ ಆಚಾರಿ ಜೀವಮಾನವಿಡೀ ಹಿಡಿದು, ಅಂಗೈ ಕೂರುವಲ್ಲಿ ಚಂದದ ಹೊಂಡ ಬಿದ್ದಿತ್ತು. ನನ್ನ ಕೈ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಚೀಲದಲ್ಲಿ ಹಸಿಮೀನು ಇದ್ದುದರಿಂದ, "ಇಟ್ಟಿರು, ಬರೂ ವಾರ ಒಯ್ತೆ" ಎಂದು ಗುಜರಿಯವನಿಗೆ ಹೇಳಿದ್ದೆ.

ಇವತ್ತು ಹೋದರೆ ಹೊಂಡವೇ ಇಲ್ಲ! ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಕೆಂಪು ಪೇಂಟು ಬಳಿದಿದ್ದಾನೆ. ಹಿಡಿದರೆ ಕೈ ಜಾರುತ್ತದೆ.

"ಎಂತ ಮಾಡಿಟ್ಟೆ ಮಾರಾಯಾ?" ಎಂದು ಕೂಗಿದೆ.

"ಸವೆದು ಹೋಗಿತ್ತಲ್ಲ. ನಿಮ್ಮಂಥವ್ರಿಗೆ ಹಾಂಗೇ ಕೊಡೂಕೆ ಆತದಾ?"

"ಸವೆದದ್ದೇ ನಂಗೆ ಬೇಕಾಗಿತ್ತು!"

"ಹೌದಾ? ಮೊದ್ಲೇ ಹೇಳೂದಲ್ಲ! ಇನ್ನೊಂದು ಹಳೇದು ಬಂದದೆ, ಅದನ್ನೂ ಹೊಸತು ಮಾಡಿ ಇಡ್ತೆ."

ಬೈದು ಬೈದು ನನ್ನ ಗಂಟಲು ಒಣಗಿತು, ಅವನು ನಗುತ್ತಲೇ ಇದ್ದ. ಕೊನೆಗೆ ನಾನೇ ಅವಸರದಲ್ಲಿ ಹೊರಟು ಬಂದೆ. ಆ ಪುಣ್ಯಾತ್ಮ ನನ್ನ ಮುಖದ ಸುಕ್ಕುಗಳನ್ನೇ ದಿಟ್ಟಿಸಿ ನೋಡುತ್ತಿದ್ದ, ಡಬ್ಬದಲ್ಲಿ ಪುಟ್ಟಿ ಇನ್ನೂ ಉಳಿದಿತ್ತು.