ಎರಡು ಸೌಟು ಪಾಯಸ

ಯಲ್ಲಾಪುರದ ಖಾನಾವಳಿಯೆದುರು ನಮ್ಮ ಬಸ್ಸು ಊಟಕ್ಕೆ ನಿಂತಿತ್ತು. ಪಕ್ಕದ ಎಲೆಯ ಫ್ರಾನ್ಸಿನ ಹುಡುಗಿ ನನಗೆ "ಬೊನಪೆತಿ" ಎಂದಳು. ನಮ್ಮ ಕಾನ್ವೆಂಟಿನ ಸಿಸ್ಟರ್ ಊಟಕ್ಕೆ ಮುಂಚೆ ಹಾರೈಸುತ್ತಿದ್ದ ಮಾತು! ಖುಷಿಯಿಂದ ನಾನೂ ಹಾಗೇ ಅಂದೆ.

"ಇದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಯೋಚಿಸುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಕೈಯಲ್ಲಿ ಉಣ್ಣಲು ಈಗಷ್ಟೇ ಕಲಿಯುತ್ತಿದ್ದ ಹುಡುಗಿ ಅನ್ನ ಬಿಟ್ಟು ಗಾಬರಿಯಿಂದ ಎದ್ದಳು.

"ಕೂತ್ಕ ತಂಗಿ, ಸಾವಕಾಶ ಊಟ ಮಾಡು," ಎಂದರು ಬಡಿಸುತ್ತಿದ್ದ ಖಾನಾವಳಿಯ ಅಮ್ಮ.

"ಬಸ್ಸು ಹೊರಟೇಬಿಡ್ತದಲ್ಲ ಅಮ್ಮಾ!" ಎಂದೆ.

"ಡ್ರೈವರ್ ಇಲ್ದೇ ಹ್ಯಾಂಗೆ ಹೋಗ್ತು?"

ಹಾಗೆಂದವರೇ, ಮೂಲೆಯಲ್ಲಿ ಏಳುತ್ತಿದ್ದ ಡ್ರೈವರ್ ಸಾಹೇಬರ ಎಲೆಗೆ ಎರಡು ಸೌಟು ಪಾಯಸ ಸುರಿದರು.

"ಸಾಕಮ್ಮಾ, ಸಾಕು!"

"ನೀವೂ ಸಾವಕಾಶ."

ಸಾಹೇಬರು ನಗುತ್ತ ಮತ್ತೆ ಕೂತರು. ಹುಡುಗಿಯೂ ಕೂತು, ಅವರ ಕಡೆ ತಿರುಗಿ ಜೋರಾಗಿ ಹಾರೈಸಿದಳು: "ಸಾವಕಾಶ!"