ಅಪ್ಪ ಟಾಯರಿಗೆ ಹುಲ್ಲು ತುಂಬಿದ ದಿನ

ಇವತ್ತು ಮರಿಮೊಮ್ಮಗನ ಸೈಕಲ್ಲಿಗೆ ಪಂಕ್ಚರ್ ಹಾಕುವಾಗ ಸೊಲ್ಯೂಷನ್ ವಾಸನೆ ಬಂತು. ಅಪ್ಪನ ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂತಿದ್ದ ಹುಡುಗಿಯಾಗಿಬಿಟ್ಟೆ.

ಅವ್ವನಿಗೆ ಅಂದು ಧಾರವಾಡದಲ್ಲಿ ಮುಲ್ಕಿ, ಅಂದರೆ ಏಳನೇ ಇಯತ್ತೆಯ ಪರೀಕ್ಷೆ. ಪಾಸಾದರೆ ಶಾಲೆಯಲ್ಲಿ ಕಲಿಸಬಹುದಿತ್ತು. ಹುಬ್ಬಳ್ಳಿಯಿಂದ ಮೂವರೂ ಹೊರಟಿದ್ದೆವು. ರಾಯಾಪುರದ ಹತ್ತಿರ ಹಿಂದಿನ ಗಾಲಿ ಪುಸ್ಸೆಂದಿತು. ಟ್ಯೂಬು ತೇಪೆ ಹಾಕಲಾರದಷ್ಟು ಹರಿದಿತ್ತು. ಅವ್ವನ ಕಣ್ಣು ತುಂಬಿದವು.

“ಅಳಬ್ಯಾಡ, ತಡಿ,” ಎಂದ ಅಪ್ಪ, ದಾರಿಯಲ್ಲಿ ಬಂದ ಬಂಡಿಯವನಿಂದ ಹುಲ್ಲು ಕೇಳಿ ತಂದು, ಹೊಸೆದು ಟಾಯರಿನೊಳಗೆ ತುರುಕಿದ. ಸೈಕಲ್ಲು ಕುಲುಕುತ್ತ ಸಾಗಿತು.

“ಎತ್ತಿನ ಮೇವು ಸೈಕಲ್ಲಿಗೆ ತಿನಿಸಿದ್ರಲ್ಲರೀ!” ಎಂದು ಅವ್ವ ನಕ್ಕಳು. ಪರೀಕ್ಷೆಯ ಗಂಟೆ ಹೊಡೆಯುವ ಮೊದಲೇ ತಲುಪಿದೆವು.

ಮುಂದೆ ಅವ್ವ ನನ್ನ ಶಾಲೆಯಲ್ಲೇ ಪಾಠ ಹೇಳುವ ಅಕ್ಕೋರಾದಳು. “ಇಲ್ಲೆ ನನಗ ಅವ್ವಾ ಅನಬ್ಯಾಡ,” ಎಂದು ಕಣ್ಣು ಬಿಟ್ಟಿದ್ದಳು. ಈಗಲೂ ಅವಳ ಫೋಟೋಕ್ಕೆ ಹೂವೇರಿಸುವಾಗ ಬಾಯಿಗೆ ಬರುವುದು “ಅಕ್ಕೋರ” ಎಂದೇ.